ಹೇಳಿಕೊಡುವ ಕ್ರಮ, ಕಲಿಯುವ ಕ್ರಮ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ನಮ್ಮಲ್ಲಿಗೆ ಬರುವ ಮಕ್ಕಳು ಟೆನ್ಸ್, ಆರ್ಟಿಕಲ್, ವಾಯ್ಸ್ ಎಲ್ಲವನ್ನೂ ಒಂದು ಸಲ ಓದಿಕೊಂಡೇ ಬಂದಿರುತ್ತಾರೆ. ನಿಯಮ ಕೇಳಿದರೆ ಹೇಳುತ್ತಾರೆ, ಬಿಟ್ಟ ಸ್ಥಳ ತುಂಬುತ್ತಾರೆ. ಸ್ವಂತವಾಗಿ ನಾಲ್ಕು ವಾಕ್ಯ ಬರೆಯಿರಿ ಎಂದರೆ ಮಾತ್ರ 'ಮೈ ಸಿಸ್ಟರ್ ಗೋ ಟು ಕಾಲೇಜ್' ಎಂದೇ ಬರೆಯುತ್ತಾರೆ. ವ್ಯಾಕರಣವನ್ನು ಯಾವ ಹಂತದಲ್ಲಿ ಎಷ್ಟು ಕಲಿಸಬೇಕು? ಯಾವುದರ ನಂತರ ಯಾವುದು ಎಂಬುದಕ್ಕೆ ಸರಿಯಾದ ಕ್ರಮ ಅಂತ ಇದೆಯೇ?
ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಕ್ರಮ ಇದೆ ಮೇಡಂ. ಆದರೆ ನಾವು ಹೇಳಿಕೊಡುವುದು ಒಂದು ಕ್ರಮದಲ್ಲಿ, ಮಕ್ಕಳು ಕಲಿಯುವುದು ಇನ್ನೊಂದು ಕ್ರಮದಲ್ಲಿ. ಇವೆರಡೂ ಒಂದೇ ಎಂದುಕೊಂಡು ಪಾಠ ಮಾಡುವುದರಿಂದಲೇ ನೀವು ಬರೆದಿರುವ ಸಂಕಟ ಹುಟ್ಟುತ್ತದೆ. ನಿಮ್ಮ ಪತ್ರದಲ್ಲಿರುವ 'ಮೈ ಸಿಸ್ಟರ್ ಗೋ ಟು ಕಾಲೇಜ್' ಎಂಬ ವಾಕ್ಯವನ್ನೇ ಹಿಡಿದು ಶುರುಮಾಡುತ್ತೇನೆ. ಇಡೀ ವಿಷಯ ಅದರೊಳಗೇ ಇದೆ.

'ಹಿ', 'ಶಿ', 'ಇಟ್' ಬಂದರೆ ಕ್ರಿಯಾಪದದ ಕೊನೆಗೆ 'ಎಸ್' ಹಚ್ಚಬೇಕು. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕಿಂತ ಸುಲಭವಾಗಿ ವಿವರಿಸಬಹುದಾದ ನಿಯಮಗಳು ಕಡಿಮೆ. ಕಪ್ಪು ಹಲಗೆಯ ಮೇಲೆ ಐದು ನಿಮಿಷದ ಕೆಲಸ. ವಿವರಿಸಲು ಸುಲಭ ಎಂಬ ಒಂದೇ ಕಾರಣಕ್ಕೆ ಪುಸ್ತಕಗಳು ಅದನ್ನು ಮೊದಲ ಪಾಠಗಳಲ್ಲೇ ಇಡುತ್ತವೆ, ನಾವೂ ಹೇಳಿಕೊಟ್ಟು ಮುಂದೆ ಹೋಗುತ್ತೇವೆ. ವಿವರಿಸಲು ಸುಲಭವಾದದ್ದು ರೂಢಿಯಾಗಲು ಕೂಡ ಸುಲಭ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ನಿಲ್ಲುವುದಿಲ್ಲ ಎಂಬುದು ಗೊತ್ತಾಗಿ ಐವತ್ತು ವರ್ಷ ದಾಟಿತು.

1973ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ ಒಂದು ಪುಸ್ತಕ ಪ್ರಕಟಿಸಿದರು. ಇಂಗ್ಲಿಷೇ ಮನೆಮಾತಾಗಿದ್ದ ಮೂರು ಪುಟ್ಟ ಮಕ್ಕಳ ಮಾತನ್ನು ದೀರ್ಘಕಾಲ ದಾಖಲಿಸಿಕೊಂಡು, 14 ಸಣ್ಣ ವ್ಯಾಕರಣಾಂಶಗಳು ಅವರ ಮಾತಿನಲ್ಲಿ ಯಾವುದರ ಹಿಂದೆ ಯಾವುದು ಬಂದು ನೆಲೆಯೂರಿತು ಎಂದು ಅವರು ಗುರುತಿಸಿದ್ದರು. ಎಲ್ಲಕ್ಕಿಂತ ಮೊದಲು ಬಂದದ್ದು 'ಗೋಯಿಂಗ್', 'ಈಟಿಂಗ್' ಎಂಬಲ್ಲಿನ 'ಇಂಗ್'. ಆಮೇಲೆ 'ಇನ್', 'ಆನ್', ಬಹುವಚನ. 'ಶಿ ಗೋಸ್' ಎಂಬಲ್ಲಿನ ಆ 'ಎಸ್' ಬಂದದ್ದು ಒಂಬತ್ತು ಹತ್ತನೆಯ ಸ್ಥಾನದಲ್ಲಿ. ತಾಯಿಯ ಬಾಯಿಂದ ದಿನವಿಡೀ ಇಂಗ್ಲಿಷ್ ಕೇಳುವ ಮಗುವಿಗೇ ಇದು ತಡ. ಮರುವರ್ಷ ಹೈಡಿ ಡುಲೇ ಮತ್ತು ಮರೀನಾ ಬರ್ಟ್ ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಚೀನೀ ಮತ್ತು ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ನೋಡಿದರು. ಈ ಎರಡು ಗುಂಪಿನ ಮಕ್ಕಳು ಸಾಗಿದ ದಾರಿ ಒಂದನ್ನೊಂದು ಬಹುಮಟ್ಟಿಗೆ ಹೋಲುತ್ತಿತ್ತು. 'ಎಸ್' ಅಲ್ಲಿಯೂ ಹಿಂದೆಯೇ ಉಳಿದಿತ್ತು.

ಇದಕ್ಕೆ ಕಾರಣವನ್ನು ಕನ್ನಡದಿಂದಲೇ ನೋಡಬಹುದು. 'ಹೋಗುತ್ತಾಳೆ' ಎಂದರೆ ಸಾಕು. 'ಅವಳು' ಎಂಬ ಮಾತೇ ಬೇಕಿಲ್ಲ. ಯಾರು, ಒಬ್ಬರೋ ಹಲವರೋ, ಗಂಡೋ ಹೆಣ್ಣೋ ಎಲ್ಲವನ್ನೂ ಕ್ರಿಯಾಪದದ ಕೊನೆಯೇ ಹೇಳುತ್ತದೆ. ಹಾಗಾಗಿ ನಮ್ಮ ಮಗುವಿನ ಕಿವಿ ಆ ಕೊನೆಯನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ 'ಮೈ ಸಿಸ್ಟರ್' ಎಂದು ಮೊದಲೇ ಹೇಳಿಯಾಗಿರುತ್ತದೆ. ಕೊನೆಯ 'ಎಸ್' ಹೊಸದೇನನ್ನೂ ತಿಳಿಸುವುದಿಲ್ಲ. ಅದನ್ನು ಕೈಬಿಟ್ಟರೂ ಕೇಳುವವರಿಗೆ ಅರ್ಥ ಕೆಡುವುದಿಲ್ಲ. ಕಲಿಯುವ ಮನಸ್ಸು ಮೊದಲು ಅರ್ಥ ಹೊತ್ತ ಪದಗಳ ಹಿಂದೆ ಹೋಗುತ್ತದೆ, ಎರಡನೇ ಸಲ ಅದನ್ನೇ ಹೇಳುವ ಗುರುತುಗಳನ್ನು ಪಕ್ಕಕ್ಕಿಡುತ್ತದೆ. ಇದರ ಮೇಲೆ ಉಚ್ಚಾರಣೆಯ ತೊಡಕು ಬೇರೆ. ನಮ್ಮ ಮಾತುಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. 'ಆಸ್ಕ್ಸ್', 'ಆಸ್ಕ್ಡ್' ಎಂಬ ಕೊನೆಗಳು ಕನ್ನಡದ ನಾಲಿಗೆಗೆ ಹೊಸವು. ಇಷ್ಟೆಲ್ಲ ಇರುವಾಗ ನಿಮ್ಮ ಮಕ್ಕಳು 'ಎಸ್' ಮರೆಯುವುದು ಸೋಮಾರಿತನವೂ ಅಲ್ಲ, ನಿಮ್ಮ ಪಾಠದ ದೋಷವೂ ಅಲ್ಲ.

ಇನ್ನೊಂದು ಅಧ್ಯಯನವನ್ನು ಪ್ರತಿಯೊಬ್ಬ ಭಾಷಾ ಶಿಕ್ಷಕರೂ ತಿಳಿದಿರಬೇಕು ಎಂದು ನನಗನ್ನಿಸುತ್ತದೆ. 1984ರಲ್ಲಿ ಮ್ಯಾನ್‌ಫ್ರೆಡ್ ಪೀನೆಮಾನ್ ಜರ್ಮನಿಯಲ್ಲಿ ಜರ್ಮನ್ ಕಲಿಯುತ್ತಿದ್ದ ಇಟಾಲಿಯನ್ ಮಕ್ಕಳ ಮೇಲೆ ಮಾಡಿದ ಪ್ರಯೋಗದ ಫಲ ಪ್ರಕಟಿಸಿದರು. ಜರ್ಮನ್ ವಾಕ್ಯದಲ್ಲಿ ಕರ್ತೃ ಮತ್ತು ಕ್ರಿಯಾಪದ ಸ್ಥಾನ ಬದಲಿಸಿಕೊಳ್ಳುವ ಒಂದು ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಕಲಿಸಲಾಯಿತು. ಅದರ ಹಿಂದಿನ ಮೆಟ್ಟಿಲಿಗೆ ತಲುಪಿದ್ದ ಮಗು ಅದನ್ನು ಬೇಗ ಹಿಡಿದುಕೊಂಡಿತು. ಇನ್ನೂ ಕೆಳಗಿನ ಮೆಟ್ಟಿಲಲ್ಲಿದ್ದ ಮಗು ಪಾಠದಲ್ಲಿ ಹೇಳಿದ್ದನ್ನು ಒಪ್ಪಿಸಿತೇ ಹೊರತು ತನ್ನ ಮಾತಿಗೆ ಇಳಿಸಿಕೊಳ್ಳಲಿಲ್ಲ. ಪಾಠ ಮೆಟ್ಟಿಲನ್ನು ಹಾರಿಸಲಾರದು, ಆದರೆ ಕಾಲಿಡಲು ಸಿದ್ಧವಾದವರನ್ನು ಬೇಗ ಹತ್ತಿಸಬಲ್ಲದು ಎಂಬುದು ಅದರಿಂದ ತಿಳಿದದ್ದು.

ಈ ಕಣ್ಣಿನಿಂದ ನೋಡಿದರೆ ನಾವು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಎಷ್ಟೋ ವಾಕ್ಯಗಳ ಬಗ್ಗೆ ಅಭಿಪ್ರಾಯ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಕಲಿಯುವವರು, ಅವರ ಮನೆಮಾತು ಯಾವುದೇ ಇರಲಿ, ಮೊದಲು ಒಂದೆರಡು ಪದಗಳಿಗೆ ದನಿ ಏರಿಸಿ ಕೇಳುತ್ತಾರೆ: 'ಯು ಕಮಿಂಗ್?' ಆಮೇಲೆ ಪ್ರಶ್ನೆಯ ಪದವನ್ನು ಮುಂದೆ ತಂದು ಉಳಿದದ್ದನ್ನು ಹಾಗೇ ಬಿಡುತ್ತಾರೆ: 'ವೇರ್ ಯು ಆರ್ ಗೋಯಿಂಗ್?' ಅದಾದ ಮೇಲೆ 'ವೇರ್ ಈಸ್ ಯುವರ್ ಬುಕ್?' ಎಂಬಂಥ ಸರಳ ಪ್ರಶ್ನೆಗಳಲ್ಲಿ ಕ್ರಮ ಸರಿಯಾಗುತ್ತದೆ. ನಂತರವೇ 'ವೇರ್ ಆರ್ ಯು ಗೋಯಿಂಗ್?', 'ವಾಟ್ ಡು ಯು ವಾಂಟ್?' ಬರುವುದು. ಎಂಟನೇ ತರಗತಿಯ ಹುಡುಗಿ 'ವೇರ್ ಯು ಆರ್ ಗೋಯಿಂಗ್?' ಎಂದು ಕೇಳಿದರೆ ಅವಳು ದಾರಿಯ ಮಧ್ಯದಲ್ಲಿದ್ದಾಳೆ ಎಂದರ್ಥ. ಅವಳನ್ನು ತಡೆದು ಬೈದರೆ ಕೇಳುವುದನ್ನೇ ನಿಲ್ಲಿಸುತ್ತಾಳೆ. ಹಾಗೆಯೇ, 'ವೆಂಟ್' ಎಂದು ಸರಿಯಾಗಿ ಹೇಳುತ್ತಿದ್ದ ಮಗು ಒಂದು ದಿನ 'ಗೋಡ್' ಎನ್ನತೊಡಗುತ್ತದೆ. ಮೊದಲು ಬಾಯಿಪಾಠವಾಗಿದ್ದ ಮಾತು ಈಗ ನಿಯಮದ ಕೈಗೆ ಸಿಕ್ಕಿದೆ, ಅಷ್ಟೇ. ತಪ್ಪು ಹೆಚ್ಚಾದಂತೆ ಕಾಣುವ ಆ ಕಾಲ ನಿಜವಾಗಿ ಬೆಳವಣಿಗೆಯ ಕಾಲ.

ಹಾಗಾದರೆ ವ್ಯಾಕರಣ ಕಲಿಸುವುದೇ ಬೇಡ, ಭಾಷೆ ಕೇಳಿಸಿದರೆ ಸಾಕು ಎನ್ನಬಹುದೇ? ಹಾಗೆಂದವರಿದ್ದಾರೆ. ಆ ವಾದದ ದೊಡ್ಡ ಪ್ರಯೋಗವೊಂದು ನಡೆದದ್ದು ನಮ್ಮ ನೆಲದಲ್ಲೇ ಎಂಬುದು ನಮ್ಮ ಶಿಕ್ಷಕರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜತೆಗೂಡಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಹೊಸ ಬಗೆಯ ಇಂಗ್ಲಿಷ್ ತರಗತಿಗಳನ್ನು ನಡೆಸಿದರು. ಪ್ರಭು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಭಾಷಾಬೋಧನೆಯ ಜಗತ್ತು ಇಂದಿಗೂ ಅದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದು ಕರೆಯುತ್ತದೆ. ಅಲ್ಲಿ ಇಂದಿನ ಪಾಠ ಸಿಂಪಲ್ ಪ್ರೆಸೆಂಟ್, ನಾಳೆಯ ಪಾಠ ಸಿಂಪಲ್ ಪಾಸ್ಟ್ ಎಂಬ ಪಟ್ಟಿಯೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಗಡಿಯಾರ, ಕ್ಯಾಲೆಂಡರ್ ಇಂಥವನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಯಾವ ರೈಲು ಹತ್ತಿದರೆ ಎಷ್ಟು ಹೊತ್ತಿಗೆ ಊರು ಸೇರಬಹುದು, ಎಲ್ಲಿ ಇಳಿದು ಬದಲಿಸಬೇಕು ಎಂಬಂಥವು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಒಂದು ಸಮಸ್ಯೆಯನ್ನು ಬಾಯಿಮಾತಿನಲ್ಲಿ ಬಿಡಿಸುತ್ತಿದ್ದರು. ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕಿತ್ತು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂಬುದು ಪ್ರಭು ಅವರ ನಂಬಿಕೆಯಾಗಿತ್ತು.

ಕೊನೆಗೆ ಹೊರಗಿನವರು ಬಂದು ಪರೀಕ್ಷೆ ನಡೆಸಿದರು. 1985ರಲ್ಲಿ ಪ್ರಕಟವಾದ ಆ ಮೌಲ್ಯಮಾಪನದ ಪ್ರಕಾರ, ನಿಯಮ ಕೇಳುವ ಬಗೆಯ ಪ್ರಶ್ನೆಗಳಲ್ಲಿ ಹಳೆಯ ಪದ್ಧತಿಯ ತರಗತಿಗಳು ಮುಂದಿದ್ದವು. ಕಲಿತ ಭಾಷೆಯನ್ನು ಸಂದರ್ಭಕ್ಕೆ ತಕ್ಕಂತೆ ಬಳಸುವುದರಲ್ಲಿ ಪ್ರಭು ಅವರ ತರಗತಿಗಳು ಮುಂದಿದ್ದವು. ಯಾವುದನ್ನು ಅಭ್ಯಾಸ ಮಾಡಿಸಿದರೋ ಅದು ಬಂತು. ನಿಮ್ಮ ಮಕ್ಕಳ ಕತೆಯೂ ಇದೇ ಅಲ್ಲವೇ? ಬಿಟ್ಟ ಸ್ಥಳ ತುಂಬುವುದನ್ನು ಅಭ್ಯಾಸ ಮಾಡಿದ್ದಾರೆ, ಅದು ಅವರಿಗೆ ಬರುತ್ತದೆ.

ಆದರೂ ಬರೀ ಬಳಕೆಯಿಂದ ಎಲ್ಲವೂ ಬರುವುದಿಲ್ಲ ಎನ್ನುವುದಕ್ಕೆ ಕೆನಡಾ ಸಾಕ್ಷಿ. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಗಣಿತ, ವಿಜ್ಞಾನ ಸಹಿತ ಪಾಠಗಳನ್ನು ಫ್ರೆಂಚಿನಲ್ಲಿ ಕಲಿಯುವ ಶಾಲೆಗಳಿವೆ. ವರ್ಷಗಟ್ಟಲೆ ಹಾಗೆ ಕಲಿತ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಮಾತಾಡುವಾಗ, ಬರೆಯುವಾಗ ನಾಮಪದದ ಲಿಂಗ, ಕ್ರಿಯಾಪದದ ರೂಪ ತಪ್ಪುತ್ತಲೇ ಇದ್ದವು. ಮೆರಿಲ್ ಸ್ವೇನ್ 1985ರಲ್ಲಿ ಇದನ್ನು ಎತ್ತಿ ತೋರಿಸಿದರು. ಅರ್ಥಕ್ಕೆ ತಡೆಯಾಗದ ಸಣ್ಣ ಗುರುತುಗಳನ್ನು ಯಾರಾದರೂ ಬೆರಳಿಟ್ಟು ತೋರಿಸದೆ ಹೋದರೆ ಕಲಿಯುವವರು ಗಮನಿಸುವುದೇ ಇಲ್ಲ. ಆದ್ದರಿಂದ ವ್ಯಾಕರಣ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ಯಾವಾಗ ಬರಬೇಕು, ಎಷ್ಟು ಸಲ ಬರಬೇಕು ಎಂಬುದನ್ನಷ್ಟೇ ನಾವು ನಿರ್ಧರಿಸಿಕೊಳ್ಳಬೇಕು.

ಈಗ ಹಂತಗಳಿಗೆ ಬರುತ್ತೇನೆ. ಯುರೋಪಿನ ಕೌನ್ಸಿಲ್ 2001ರಲ್ಲಿ ರೂಪಿಸಿದ, ಎ1ರಿಂದ ಸಿ2ವರೆಗಿನ ಆರು ಹಂತಗಳ ಹೆಸರನ್ನು ನೀವು ಕೇಳಿರುತ್ತೀರಿ. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳ ಹೊದಿಕೆಯ ಮೇಲೆ ಅದು ಇದ್ದೇ ಇರುತ್ತದೆ. ಆ ಚೌಕಟ್ಟು ಒಂದು ನಿರ್ದಿಷ್ಟ ಭಾಷೆಗಾಗಿ ಬರೆದದ್ದಲ್ಲ. ಕಲಿತವರು ಏನು ಮಾಡಬಲ್ಲರು, ತಮ್ಮ ಪರಿಚಯ ಹೇಳಬಲ್ಲರೇ, ನಡೆದದ್ದನ್ನು ವಿವರಿಸಬಲ್ಲರೇ, ಒಂದು ನಿಲುವನ್ನು ಸಮರ್ಥಿಸಬಲ್ಲರೇ ಎಂದು ಅದು ಕೇಳುತ್ತದೆ. ಇದನ್ನೇ ನಾವೂ ಕೇಳಿಕೊಂಡರೆ ವ್ಯಾಕರಣದ ಕ್ರಮ ತಾನಾಗಿ ಕಾಣುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆ ಮೊದಲ ವರ್ಷಗಳಲ್ಲಿ ನಾಮಪದ, ಕ್ರಿಯಾಪದ ಎಂಬ ಹೆಸರುಗಳು ಬೇಡವೇ ಬೇಡ. ಕುಳಿತುಕೋ, ತೆರೆ, ತೋರಿಸು ಎಂಬ ಆಜ್ಞೆಗಳು; ಚಿತ್ರ ನೋಡಿ 'ದ ಬಾಯ್ ಈಸ್ ರನ್ನಿಂಗ್' ಎನ್ನುವುದು; ಒಂದು, ಎರಡು; ಒಳಗೆ, ಮೇಲೆ, ಕೆಳಗೆ; 'ಕ್ಯಾನ್' ಹಾಕಿ ತನ್ನಿಂದ ಏನಾಗುತ್ತದೆ ಎಂದು ಹೇಳುವುದು ಸಾಕು. 'ಐ ಡೋಂಟ್ ನೋ', 'ವಾಟ್ಸ್ ಯುವರ್ ನೇಮ್' ಇವೆಲ್ಲ ಇಡಿಯಾಗಿ ನಾಲಿಗೆಗೆ ಬರಲಿ, ಬಿಡಿಸಿ ನೋಡುವ ಕಾಲ ಮುಂದಿದೆ. ರೇಮಂಡ್ ಮರ್ಫಿ ಅವರ ಹೆಸರಾಂತ ಅಭ್ಯಾಸ ಪುಸ್ತಕವನ್ನು ತೆರೆದರೆ ಅಲ್ಲಿ ಮೊದಲು ಸಿಗುವುದು 'ಐ ಆಮ್ ಡೂಯಿಂಗ್', ಆಮೇಲೆ 'ಐ ಡು'. ಕಣ್ಣೆದುರು ನಡೆಯುತ್ತಿರುವುದನ್ನು ತೋರಿಸಬಹುದು, ರೂಢಿಯನ್ನು ತೋರಿಸಲಾಗದು. ನಮ್ಮ ಎಷ್ಟೋ ಶಾಲೆಗಳಲ್ಲಿ ಟೆನ್ಸ್ ಕೋಷ್ಟಕದ ಮೊದಲ ಮನೆ ಸಿಂಪಲ್ ಪ್ರೆಸೆಂಟ್ ಆದ್ದರಿಂದ ಪಾಠವೂ ಅಲ್ಲಿಂದಲೇ ಶುರುವಾಗುತ್ತದೆ. ಕೋಷ್ಟಕ ಮಾಡಿದವರ ಅನುಕೂಲ ಕಲಿಯುವ ಮಗುವಿನ ಅನುಕೂಲವಲ್ಲ. ಮೂಲೆ ಮೂಲೆಯ ಶಾಲೆಗಳಲ್ಲೂ ಇರುವ ರೆನ್ ಅಂಡ್ ಮಾರ್ಟಿನ್ ಪುಸ್ತಕವನ್ನು ಶಿಕ್ಷಕರು ಸಂದೇಹ ಬಂದಾಗ ತೆರೆದು ನೋಡಲು ಇಟ್ಟುಕೊಳ್ಳಲಿ. ಅದರ ಅಧ್ಯಾಯಗಳ ಸಾಲನ್ನೇ ಪಾಠದ ಸಾಲಾಗಿ ಮಾಡಿಕೊಳ್ಳುವುದು ಬೇಡ.

ಎರಡನೇ ಹಂತಕ್ಕೆ ಕತೆ ಬರಬೇಕು. ನಿನ್ನೆ ಏನಾಯಿತು, ಜಾತ್ರೆಯಲ್ಲಿ ಏನು ನೋಡಿದೆ ಎಂದು ಹೇಳಬೇಕೆಂಬ ಆಸೆ ಹುಟ್ಟಿದಾಗ ಭೂತಕಾಲದ ರೂಪ ತಾನಾಗಿ ಬೇಕಾಗುತ್ತದೆ. ಇಲ್ಲಿ 'ವೆಂಟ್', 'ಕೇಮ್', 'ಸಾ', 'ಸೆಡ್', 'ಗಾಟ್' ಮುಂಚೆ ಬರಲಿ, 'ಇಡಿ' ಹಚ್ಚುವ ನಿಯಮ ಆಮೇಲೆ ಬರಲಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳು ನಿಯಮ ತಪ್ಪಿದವೇ; ಅವುಗಳ ಭೂತರೂಪ ಕಿವಿಗೆ ಸ್ಪಷ್ಟವಾಗಿ ಬೇರೆಯಾಗಿ ಕೇಳುತ್ತದೆ, 'ಆಸ್ಕ್' ಮತ್ತು 'ಆಸ್ಕ್ಡ್' ಹಾಗೆ ಕೇಳುವುದಿಲ್ಲ. ಬ್ರೌನ್ ನೋಡಿದ ಮಕ್ಕಳಲ್ಲೂ ಇದೇ ಕ್ರಮವಿತ್ತು.

ಮೂರನೇ ಹಂತ, ಅಂದರೆ ನೀವು ಕಲಿಸುವ ಪ್ರೌಢಶಾಲೆಯ ಹಂತ, ಎಲ್ಲಕ್ಕಿಂತ ಮುಖ್ಯ. ಮಕ್ಕಳು ಬುದ್ಧಿಯಿಂದ ಹೋಲಿಸಿ ನೋಡುವ ವಯಸ್ಸಿಗೆ ಬಂದಿರುತ್ತಾರೆ, ಕನ್ನಡ ವ್ಯಾಕರಣದ ತಿಳಿವಳಿಕೆಯೂ ಇರುತ್ತದೆ. ಜಗತ್ತಿನ ಎಲ್ಲ ಕಲಿಯುವವರ ದಾರಿಯೂ ಒಂದೇ ಎಂದು ಎಪ್ಪತ್ತರ ದಶಕದಲ್ಲಿ ಹೇಳಿದ್ದನ್ನು ನಂತರದ ಸಂಶೋಧನೆ ತಿದ್ದಿದೆ. ಆರ್ಟಿಕಲ್ ಇಲ್ಲದ ಜಪಾನಿ, ಕೊರಿಯನ್ ಭಾಷೆಗಳವರು ಆರ್ಟಿಕಲ್ ಹಿಡಿಯಲು ಉಳಿದವರಿಗಿಂತ ತಡಮಾಡುತ್ತಾರೆ. ಕನ್ನಡದಲ್ಲೂ ಅದು ಇಲ್ಲ. ಹಾಗಾಗಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಹೇಳಲಾರದು. ಅದನ್ನು ನಾವೇ ಗುರುತಿಸಿಕೊಳ್ಳಬೇಕು.

'ದಿನಾ ಆರು ಗಂಟೆಗೆ ಏಳುತ್ತೇನೆ' ಎನ್ನುತ್ತೇವೆ. 'ನಾಳೆ ಆರು ಗಂಟೆಗೆ ಏಳುತ್ತೇನೆ' ಎಂದೂ ಎನ್ನುತ್ತೇವೆ. ರೂಢಿಗೂ ಮುಂದಿನದಕ್ಕೂ ಕನ್ನಡದಲ್ಲಿ ಒಂದೇ ರೂಪ. ಅದಕ್ಕೇ ನಮ್ಮ ಮಕ್ಕಳು ದಿನಚರಿ ಬರೆಯುವಾಗ 'ಎವ್ರಿಡೇ ಐ ವಿಲ್ ಗೆಟಪ್ ಅಟ್ ಸಿಕ್ಸ್' ಎಂದು ಬರೆಯುತ್ತಾರೆ. 'ಎರಡು ಪುಸ್ತಕ ತಂದೆ', 'ಹತ್ತು ರೂಪಾಯಿ ಕೊಡಿ' ಎನ್ನುವಾಗ ಸಂಖ್ಯೆಯೇ ಬಹುವಚನವನ್ನು ಹೇಳಿಬಿಡುತ್ತದೆ. ಅದಕ್ಕೇ 'ಟು ಬುಕ್', 'ಟೆನ್ ರುಪೀ'. 'ನಾಳೆ ಬರ್ತೀನಿ ಅಂತ ಹೇಳಿದ' ಎಂಬಲ್ಲಿ ಅವನಾಡಿದ ಮಾತು ಹಾಗೇ ಉಳಿದು 'ಅಂತ' ಮಾತ್ರ ಸೇರುತ್ತದೆ. ಅದಕ್ಕೇ 'ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ'. ಇವು ಯಾವುವೂ ಅಜಾಗರೂಕತೆಯ ತಪ್ಪುಗಳಲ್ಲ, ಕನ್ನಡದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ ವಾಕ್ಯಗಳು.

ಇವುಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು 'ಹ್ಯಾಡ್'. 'ನಿನ್ನೆ ಮೈಸೂರಿಗೆ ಹೋಗಿದ್ದೆ' ಎಂದರೆ ಹೋಗಿ ಬಂದೆ ಎಂಬ ಅರ್ಥ ಕನ್ನಡದಲ್ಲಿ ತಾನಾಗಿ ಬರುತ್ತದೆ. ಮಗು ಅದನ್ನು 'ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರ್' ಎನ್ನುತ್ತದೆ. ಇಂಗ್ಲಿಷಿನ 'ಹ್ಯಾಡ್ ಗಾನ್' ತನ್ನ ನಂತರ ಇನ್ನೊಂದು ಘಟನೆಯನ್ನು ಕಾಯುತ್ತದೆ: ಅವನು ಬರುವಷ್ಟರಲ್ಲಿ ನಾನು ಹೋಗಿಬಿಟ್ಟಿದ್ದೆ ಎಂಬಂತೆ. ನಮ್ಮ ನಮ್ಮಲ್ಲಿ ಆಡಿಕೊಳ್ಳುವಾಗ ಇದರಿಂದ ಏನೂ ಕೆಡುವುದಿಲ್ಲ. ಹೊರಗಿನವರಿಗೆ ಪತ್ರ ಬರೆಯುವಾಗ ಮಾತ್ರ ಓದುವವರು ಮುಂದೇನಾಯಿತು ಎಂದು ಹುಡುಕುತ್ತಾರೆ. 'ಅವರು ಬಂದರು' ಮತ್ತು 'ಅವರು ಬಂದಿದ್ದಾರೆ' ಎಂಬ ಭೇದವಾದರೋ ನಮ್ಮಲ್ಲೇ ಇದೆ. ಎರಡನೆಯದರಲ್ಲಿ ಬಂದವರು ಈಗಲೂ ಇಲ್ಲೇ ಇದ್ದಾರೆ ಎಂಬ ಸೂಚನೆಯಿದೆ, 'ದೇ ಹ್ಯಾವ್ ಕಮ್' ಎಂಬುದರಲ್ಲಿರುವಂತೆಯೇ. ಪ್ರೆಸೆಂಟ್ ಪರ್ಫೆಕ್ಟ್ ವಿವರಿಸಲು ಪುಟಗಟ್ಟಲೆ ಸೂತ್ರ ಬರೆಸುವ ಬದಲು ಈ ಎರಡು ಕನ್ನಡ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಕೇಳಿ. ಆಮೇಲೆ ಒಂದೇ ಎಚ್ಚರಿಕೆ ಸೇರಿಸಿ: 'ನಿನ್ನೆ' ಎಂಬ ಮಾತು ಬಂದರೆ 'ಹ್ಯಾವ್' ಬರುವುದಿಲ್ಲ.

ಆರ್ಟಿಕಲ್‌ಗೂ ಕನ್ನಡದಲ್ಲಿ ಒಂದು ದಾರಿಯಿದೆ. ಕತೆಯನ್ನು 'ಒಬ್ಬ ರಾಜ ಇದ್ದ' ಎಂದು ಶುರುಮಾಡಿ, ಮುಂದಿನ ವಾಕ್ಯದಲ್ಲಿ 'ರಾಜನಿಗೆ' ಎನ್ನುತ್ತೇವೆ. ಎರಡನೇ ಸಲ 'ಒಬ್ಬ' ಬರುವುದಿಲ್ಲ. ಮೊದಲನೆಯದು 'ಎ ಕಿಂಗ್', ಎರಡನೆಯದು 'ದ ಕಿಂಗ್'. 'ಅಂಗಡಿಯಿಂದ ಪೆನ್ನು ತಂದೆ' ಎಂದರೆ ಯಾವುದೋ ಒಂದು ಪೆನ್ನು. 'ಪೆನ್ನನ್ನು ತಂದೆ' ಎಂದರೆ ನಮ್ಮಿಬ್ಬರಿಗೂ ಗೊತ್ತಿರುವ ಆ ಪೆನ್ನು. ನಿರ್ಜೀವ ವಸ್ತುಗಳ ವಿಷಯದಲ್ಲಿ ದ್ವಿತೀಯಾ ವಿಭಕ್ತಿ ಹೀಗೆ ಪರಿಚಿತವಾದದ್ದನ್ನು ಗುರುತಿಸುವ ಕೆಲಸ ಮಾಡುತ್ತದೆ. ಎಲ್ಲ ಕಡೆಯೂ ಇದು ಹೊಂದುವುದಿಲ್ಲ ನಿಜ. 'ದ ಸನ್', 'ಎ ಡಾಕ್ಟರ್', ನದಿಗಳ ಹೆಸರಿನ ಹಿಂದಿನ 'ದ' ಇವೆಲ್ಲ ಬಳಕೆಯಿಂದಲೇ ಬರಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆದರೆ ಕೇಳುವವರಿಗೆ ಗೊತ್ತಿದೆಯೇ ಇಲ್ಲವೇ ಎಂಬ ಮೂಲಭೇದ ನಮ್ಮ ಮಕ್ಕಳಿಗೆ ಹೊಸದಲ್ಲ ಎಂದು ಅವರಿಗೆ ಮನವರಿಕೆಯಾದರೆ ಅರ್ಧ ಭಯ ಹೋಗುತ್ತದೆ.

ವಾಯ್ಸ್, ರಿಪೋರ್ಟೆಡ್ ಸ್ಪೀಚ್, 'ಇಫ್' ವಾಕ್ಯಗಳು ಇವುಗಳ ನಂತರದ ಮಾತು. 'ರಾಮ ಕಿಲ್ಡ್ ರಾವಣ' ಎಂಬುದನ್ನು ತಿರುಗಿಸಿ ಬರೆಸುವುದರಿಂದ ಏನೂ ಬರುವುದಿಲ್ಲ. 'ವಿಧಾನಸೌಧ ವಾಸ್ ಕಂಪ್ಲೀಟೆಡ್ ಇನ್ 1956' ಎಂಬ ವಾಕ್ಯದಲ್ಲಿ ಕಟ್ಟಿದವರ ಹೆಸರು ಏಕೆ ಬೇಕಾಗಲಿಲ್ಲ ಎಂದು ಕೇಳಿದರೆ ಪ್ಯಾಸಿವ್ ಯಾವುದಕ್ಕೆ ಬೇಕು ಎಂಬುದು ಹೊಳೆಯುತ್ತದೆ.

ಒಂದು ಅಂಶವನ್ನು ಒಂದು ಹಂತದಲ್ಲಿ ಮುಗಿಸಿಬಿಡುವುದು ಸಾಧ್ಯವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜೆರೋಮ್ ಬ್ರೂನರ್ 1960ರಲ್ಲೇ ಪಠ್ಯಕ್ರಮ ಸುರುಳಿಯಾಗಿರಬೇಕು ಎಂದಿದ್ದರು: ಅದೇ ವಿಷಯ ಮತ್ತೆ ಬರಬೇಕು, ಪ್ರತಿ ಸಲ ಇನ್ನಷ್ಟು ಆಳವಾಗಿ. ಇಂಗ್ಲಿಷಿನ ಭೂತರೂಪವನ್ನೇ ನೋಡಿ. ಮೊದಲು ಅದು ನಿನ್ನೆಯ ಸಂಗತಿ ಹೇಳುತ್ತದೆ. ಆಮೇಲೆ 'ಇಫ್ ಐ ಹ್ಯಾಡ್ ವಿಂಗ್ಸ್' ಎಂಬಲ್ಲಿ ಇಲ್ಲದ್ದನ್ನು ಕಲ್ಪಿಸುತ್ತದೆ. ಮುಂದೆ 'ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್' ಎಂಬಲ್ಲಿ ಈಗಿನ ಮಾತನ್ನೇ ವಿನಯದಿಂದ ಕೇಳುತ್ತದೆ. ಒಂದೇ ರೂಪ, ಮೂರು ಹಂತ, ಮೂರು ಕೆಲಸ. ಭೂತರೂಪ ಎಂದರೆ ಭೂತಕಾಲವೇ ಎಂದು ಐದನೇ ತರಗತಿಯಲ್ಲಿ ಬಿಗಿಯಾಗಿ ಕಟ್ಟಿಹಾಕಿದರೆ ಮುಂದಿನ ಎರಡಕ್ಕೂ ಬಾಗಿಲು ಮುಚ್ಚುತ್ತದೆ. ನಮ್ಮ ಮಕ್ಕಳಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಅಮ್ಮ ಊಟಕ್ಕೆ ಕರೆದಾಗ ಕೂತಲ್ಲಿಂದ ಏಳುವ ಮುಂಚೆಯೇ 'ಬಂದೆ' ಎಂದು ಕೂಗುವುದಿಲ್ಲವೇ?

ಇನ್ನು ನಿಮ್ಮ 'ಎಸ್'. ಹೈಸ್ಕೂಲಿನ ಮಗು ಅದಕ್ಕೆ ಸಿದ್ಧವಾಗಿರುತ್ತದೆ ಎಂದೇ ನನ್ನ ನಂಬಿಕೆ, ಆದರೆ ನಿಯಮವನ್ನು ಮತ್ತೊಮ್ಮೆ ಹೇಳುವುದರಿಂದ ಕೆಲಸವಾಗದು. ಅಮೆರಿಕದ ಬಿಲ್ ವ್ಯಾನ್‌ಪ್ಯಾಟನ್ ತೊಂಬತ್ತರ ದಶಕದಲ್ಲಿ ತೋರಿಸಿದ ಉಪಾಯವೊಂದಿದೆ. ಸಣ್ಣ ಗುರುತು ಬೇಕೇಬೇಕು ಎನ್ನುವಂಥ ಸಂದರ್ಭ ಮಾಡಿ, ಅದೇ ಅರ್ಥ ಹೇಳುವ ಉಳಿದ ಪದಗಳನ್ನು ತೆಗೆದುಬಿಡಿ. 'ವರ್ಕ್ಸ್ ಇನ್ ಎ ಬ್ಯಾಂಕ್', 'ಲಿವ್ ಇನ್ ಹಿರಿಯೂರು', 'ಲೈಕ್ಸ್ ಫಿಲ್ಮ್ಸ್' ಎಂದು ಒಂದೊಂದಾಗಿ ಹೇಳುತ್ತ ಹೋಗಿ. ಇದು ನನ್ನ ವಿಷಯವೋ ನನ್ನ ಅಕ್ಕನ ವಿಷಯವೋ ಎಂದು ಮಕ್ಕಳು ಕೇಳಿಯೇ ಹೇಳಬೇಕು. 'ಶಿ' ಇಲ್ಲದ್ದರಿಂದ ಈಗ 'ಎಸ್' ಬಿಟ್ಟರೆ ಬೇರೆ ಆಸರೆಯಿಲ್ಲ. ಕನ್ನಡದ 'ತ್ತಾಳೆ'ಯಂತೆ ಅದಕ್ಕೂ ಕೆಲಸ ಬಂತು. 'ಯೆಸ್ಟರ್ಡೇ' ತೆಗೆದುಹಾಕಿ ಭೂತರೂಪಕ್ಕೂ ಹೀಗೇ ಮಾಡಬಹುದು. ಅದರ ಮಾರನೆಯ ದಿನ ಊರಿನ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಹಲಗೆಯ ಮೇಲೆ ಬರೆದು, ಹತ್ತೂವರೆಗೆ ದಾವಣಗೆರೆಯಲ್ಲಿರಬೇಕಾದವರು ಯಾವ ಬಸ್ ಹತ್ತಬೇಕು ಎಂದು ಕೇಳಿ. 'ಲೀವ್ಸ್', 'ಸ್ಟಾಪ್ಸ್', 'ರೀಚಸ್', 'ಟೇಕ್ಸ್' ಎಲ್ಲವೂ ತಾವಾಗಿ ಬರುತ್ತವೆ.

ತಿದ್ದುವುದರಲ್ಲೂ ಹಂತವಿರಬೇಕು. ಒಂದು ಪುಟದಲ್ಲಿ ಇಪ್ಪತ್ತು ಕೆಂಪು ಗೆರೆ ಕಂಡ ಮಗು ಯಾವುದನ್ನೂ ನೋಡುವುದಿಲ್ಲ. ಈ ತಿಂಗಳು 'ಎಸ್' ಮಾತ್ರ ತಿದ್ದುತ್ತೇನೆ ಎಂದು ತರಗತಿಗೇ ಹೇಳಿ, ಹಾಗೇ ಮಾಡಿ. ಮಗು ತಪ್ಪಿ ಆಡಿದ್ದನ್ನು ನಾವೇ ಸರಿಯಾಗಿ ಆಡಿ ತೋರಿಸುವುದು ನಮ್ಮೆಲ್ಲರ ಅಭ್ಯಾಸ. 1997ರಲ್ಲಿ ಲಿಸ್ಟರ್ ಮತ್ತು ರಾಂಟಾ ಕೆನಡಾದ ಫ್ರೆಂಚ್ ತರಗತಿಗಳಲ್ಲಿ ನೋಡಿದಾಗ ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವೇ ಆಗಿದ್ದವು, ಮಕ್ಕಳು ತಮ್ಮ ಮಾತು ಸರಿಪಡಿಸಿಕೊಂಡದ್ದು ಇದರಿಂದ ಬಹಳ ಕಡಿಮೆ. 'ಮೈ ಸಿಸ್ಟರ್...?' ಎಂದು ನಿಲ್ಲಿಸಿ, ಉಳಿದದ್ದನ್ನು ಮಗುವೇ ಹುಡುಕಲು ಬಿಡುವುದು ಹೆಚ್ಚು ಫಲ ಕೊಡುತ್ತದೆ.

ಪರೀಕ್ಷೆ ಬಿಟ್ಟ ಸ್ಥಳವನ್ನೇ ಕೇಳುತ್ತದಲ್ಲ ಎಂದು ನೀವು ಕೇಳಬಹುದು. ಆ ಅಂಕಗಳು ಮಕ್ಕಳಿಗೆ ಬೇಕು, ಅದಕ್ಕೆ ಹತ್ತನೇ ತರಗತಿಯ ಕೊನೆಯ ತಿಂಗಳುಗಳು ಸಾಕು. ಎಂಟು, ಒಂಬತ್ತನೇ ತರಗತಿಗಳನ್ನೂ ಅದಕ್ಕೇ ಕೊಟ್ಟುಬಿಡುವುದು ಅನ್ಯಾಯ.

ಮುಂದಿನ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ಮೊದಲ ವಾರ ವ್ಯಾಕರಣದ ಪಾಠ ತೆರೆಯಬೇಡಿ. ಪ್ರತಿ ಮಗುವಿನಿಂದಲೂ ತನ್ನ ಮನೆಯವರ ಬಗ್ಗೆ ಹತ್ತು ಸಾಲು ಬರೆಸಿ. ಪಕ್ಕದಲ್ಲಿ ಕೂರಿಸಿಕೊಂಡು ಎರಡು ನಿಮಿಷ ಮಾತಾಡಿಸಿ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಅಲ್ಲಿಂದ ಪಾಠ ಶುರುಮಾಡಿ. ಆ ನೋಟ್‌ಬುಕ್ಕನ್ನು ನಿಮ್ಮ ಊರಿನ ಪ್ರಾಥಮಿಕ ಶಾಲೆಯ ಇಂಗ್ಲಿಷ್ ಶಿಕ್ಷಕರಿಗೂ ತೋರಿಸಿ. ಯಾವುದನ್ನು ಅವರು ಕಲಿಸುವುದು, ಯಾವುದನ್ನು ನಿಮಗೆ ಬಿಡುವುದು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಿ.